ಬೀರಪ್ಪ ಕಂಡ ಕಡ್ಡಿಗಳು

ಸಾವಿರದ ಒಂಬೈನೂರ ಮೂವತ್ತೆಂಟು ಇರಬೇಕು. ಇಸವಿಯ ಬಗ್ಗೆ ಆಣೆ ಮಾಡಲಾರೆ. ಮುಂಬೈಯಲ್ಲಿ ಬಿ.ಎಸ್‌ಸಿ. ಮುಗಿಸಿ ಧಾರವಾಡದ ದನದ ದವಾಖಾನೆಯಲ್ಲಿ ಡಾಕ್ಟರರ ಸಹಾಯಕನಾಗಿದ್ದೆ. ಡಾಕ್ಟರರು ಪರವೂರಿಗೆ ಹೋಗಿದ್ದ ದಿನ, ಅಮ್ಮಿನಬಾವಿಯ ಕುರುಬ ಬೀರಪ್ಪ ಸತ್ತ ಕುರಿಯೊಂದನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಬಂದ. ಚರ್ಮದ ವ್ಯಾಪಾರಿ ಮೌಲಾಸಾಬರ ತೋಳನ್ನು ಬಿಗಿಯಾಗಿ ಹಿಡಿದಿದ್ದ. ಹಿಂದೆ ಊರಿನ ನಾಲ್ಕು ಜನ.

“ನಿಂತ ನಿಂತಲ್ಲೇ ನನ್ನ ಕುರಿ ಸಾಯಾಕತ್ತಾವ್ರಿ. ಚರ್ಮದ ಆಸೇಕ ಈ ಕಾಕಾನ ವಿಷಾ ಹಾಕ್ಯಾನ. ನೀವು ಹೂಂ ಅನ್ರಿ, ಇವತ್ತ ಇವನ್ನ ಊರು ಬಿಡಸ್ತೀವಿ.”

“ನಿನ್ನ ಬಡಕಲ ಕುರಿ ಚರ್ಮಾ ಮಾರಿದ್ರ ವಿಷದ ರೊಕ್ಕಾನೂ ಹುಟ್ಟಂಗಿಲ್ಲೋ ಬೀರ್ಯಾ” ಎಂದರು ಮೌಲಾಸಾಬರು. ನಗಲು ನೋಡಿದರು, ಆಗಲಿಲ್ಲ.

ಕುರಿಯ ಕಿವಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿ, ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ತುದಿಗೆ ತುದಿ ಕೂಡಿಸಿಟ್ಟಂತೆ ಸಣ್ಣ ನೀಲಿ ಕಡ್ಡಿಗಳು. ಆಂಥ್ರಾಕ್ಸ್ ರೋಗದ ಬ್ಯಾಕ್ಟೀರಿಯಾ.

“ವಿಷ ಅಲ್ಲ, ರೋಗ” ಎಂದೆ.

“ನೀವೂ ಸಾಬರ ಕಡೇನ ಆದ್ರೇನ್ರಿ? ನನಗ ತೋರಸ್ರಿ!”

ಬೀರಪ್ಪ ಒಂದು ಕಣ್ಣು ಮುಚ್ಚಿ ಬಗ್ಗಿದ. “ಖರೇನ ಅದಾವ್ರಿ. ಕರೇ ಕಡ್ಡಿ!” ಎಂದವನೇ ಮೌಲಾಸಾಬರ ಕೈ ಹಿಡಿದ. “ತಪ್ಪಾತೋ ಕಾಕಾ.”

ರೋಗ ಹರಡದಂತೆ, ಚರ್ಮ ಸುಲಿಯದೆ ಕುರಿಯನ್ನು ಸುಡಬೇಕೆಂದೆ. “ಚರ್ಮಾನೂ ಹೋತು, ನನ್ನ ತೋಳೂ ಹೋತು” ಎಂದು ಮೌಲಾಸಾಬರು ರಟ್ಟೆ ತಿಕ್ಕಿಕೊಂಡರು.

ಅವರು ಹೊರಟ ಮೇಲೆ ಮತ್ತೊಮ್ಮೆ ಬಗ್ಗಿ ನೋಡಿದೆ. ಬೆಳಕು ಹಾಯಿಸುವ ಕನ್ನಡಿ ಸರಿದಿತ್ತು. ಬರೀ ಮಸುಕು, ಅದರ ಮೇಲೆ ನನ್ನವೇ ರೆಪ್ಪೆಗೂದಲು, ಕರಿ ಕಡ್ಡಿಗಳಂತೆ. ಮೊದಲ ಸಲ ನೋಡುವವರಿಗೆ ಕಾಣುವುದು ಹೆಚ್ಚಾಗಿ ಅವೇ. ಕಾಲೇಜಿನಲ್ಲಿ ನನಗೂ ಕಂಡಿದ್ದವು.

ಕನ್ನಡಿ ಬೀರಪ್ಪ ಬಗ್ಗುವ ಮೊದಲೇ ಸರಿದಿತ್ತೋ, ಏಳುವಾಗ ಅವನ ಕೈ ತಾಗಿತೋ? ನಾನು ಕಂಡ ಕಡ್ಡಿ ನೀಲಿ; ಅವನು ‘ಕರೇ’, ಅಂದರೆ ಕರಿ, ಎಂದದ್ದು ಖಂಡಿತವೇ, ಅಥವಾ ನನ್ನ ರೆಪ್ಪೆ ಕಂಡ ಮೇಲೆ ನೆನಪೇ ಬಣ್ಣ ಬದಲಿಸಿತೋ? ರೋಗವಂತೂ ನಿಜ, ಮೌಲಾಸಾಬರು ನಿರಪರಾಧಿ ಎಂಬುದೂ ನಿಜ. ಆದರೆ ಅವರನ್ನು ಊರಲ್ಲಿ ಉಳಿಸಿದ್ದು ನಾನು ಕಂಡ ಸತ್ಯವೋ, ಬೀರಪ್ಪನ ರೆಪ್ಪೆಯೋ, ಇಂದಿಗೂ ಹೇಳಲಾರೆ.

ಆ ದಿನ ಅವರಿಬ್ಬರೂ ಚಕ್ಕಡಿಯ ಮುಂಭಾಗದಲ್ಲಿ ಹೆಗಲಿಗೆ ಹೆಗಲು ತಾಗಿಸಿ ಕೂತು ಹೋದರು. ಅದೊಂದರ ಬಗ್ಗೆ ಮಾತ್ರ ನನಗೆ ಸಂಶಯವಿಲ್ಲ.