ಬಿಟ್ಟದ್ದು

ಅಕ್ಕನ ಮಗಳು ಕಾಲೇಜಿಗೆಂದು ನನ್ನ ಮನೆಗೆ ಬಂದ ಮೊದಲ ವಾರವೇ ಕಿಟಕಿಯ ಪರದೆ ಮಾಯವಾಯಿತು. ಪರದೆ ಕದಿಯುವಷ್ಟು ಕಳ್ಳರಿಗೇನು ಬರಗಾಲ ಬಂತು ಎಂದು ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಅಷ್ಟರಲ್ಲಿ ಪರದೆಯೇ ಬಚ್ಚಲುಮನೆಯಿಂದ ನಡೆದುಕೊಂಡು ಬಂತು. ಅದರ ಕೆಳಗೆ ಎರಡು ಕಾಲು, ಮೇಲೆ ಇವಳ ಹಲ್ಲುಕಿರಿದ ಮುಖ. ನಾನು ಮಾರುಕಟ್ಟೆಗೆ ಹೋಗಿಬರುವಷ್ಟರಲ್ಲಿ ಲಂಗ ಹೊಲಿದುಕೊಂಡಿದ್ದಳು.

"ಹೇಗಿದೆ ಚಿಕ್ಕಮ್ಮ?"

"ಬೀದೀಲಿ ಹೋಗೋರೆಲ್ಲ ಮನೆಯೊಳಗೆ ಇಣುಕ್ತಾರಲ್ಲೇ, ಅದಕ್ಕೇನು ಹೇಳ್ತೀಯ?"

"ಅವರಿಗೂ ಲಂಗ ತೋರಿಸ್ತೀನಿ."

ಮೈಯೆಲ್ಲ ಉರಿದುಹೋಯಿತು. ಆದರೆ ಮೂವತ್ತು ವರ್ಷ ಹೊಲಿಗೆ ನೋಡಿದ ಕಣ್ಣು ನನ್ನ ಕೋಪಕ್ಕೆ ಕಾಯುವುದಿಲ್ಲ, ಅದು ನೇರ ಸೊಂಟಪಟ್ಟಿಗೆ ಹೋಯಿತು. ಒಂದು ನೆರಿಗೆಯೂ ಆಚೀಚೆ ಆಗಿರಲಿಲ್ಲ. ಇವಳಿಗೆ ಇದನ್ನು ಯಾರು ಕಲಿಸಿದರೋ ಎಂದು ದಂಗಾಗಿಹೋದೆ.

ನನ್ನ ಭಾವ ಕಳಿಸುತ್ತಿದ್ದುದು ಕಾಲೇಜಿನ ಫೀಸಿಗೂ ಬಸ್ಸಿಗೂ ಸರಿಹೋಗುತ್ತಿತ್ತು. ಬಟ್ಟೆ ಎಂದರೆ, "ಈಗ ಮೈಮೇಲಿರೋದು ಏನು ಹಾಗಾದ್ರೆ?" ಎನ್ನುವ ಮನುಷ್ಯ ಅವರು. ಹುಡುಗಿ ಎರಡು ಜೊತೆ ಬಟ್ಟೆಯೊಂದಿಗೆ ಬಂದಿದ್ದಳು. ಎರಡೂ ತೊಳೆದು ತೊಳೆದು ಯಾವ ಬಣ್ಣವೆಂದು ಹೇಳಲಾಗದಂತಿದ್ದವು.

ನನ್ನದು ರಿಪೇರಿ ಅಂಗಡಿ. ಒಂದು ಹೊಲಿಗೆ ಮಿಷನ್ನು, ಇಸ್ತ್ರಿ ಮೇಜು, ಅಂಚು ಒಡೆದ ನಿಲುವುಗನ್ನಡಿ; ಹಿಂದಿನ ಕೋಣೆಯೇ ಮನೆ. ನಾನು ಹೊಸದು ಹೊಲಿಯುವುದಿಲ್ಲ. ಹಿಡಿಯುವುದು, ಬಿಡುವುದು, ಇಷ್ಟೇ ನನ್ನ ಕಸುಬು. ತೆಳ್ಳಗಾದವರ ಬಟ್ಟೆಯನ್ನು ಒಳಗೆ ಮಡಚಿ ಹೊಲಿದು ಹಿಡಿಯುತ್ತೇನೆ. ದಪ್ಪಗಾದವರದನ್ನು ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟ ಬಟ್ಟೆಯನ್ನು ಹೊರಗೆ ಬಿಡುತ್ತೇನೆ. ಕೆಲಸ ಮುಗಿದ ಮೇಲೆ 'ಹಿಡಿದದ್ದು' ಅಥವಾ 'ಬಿಟ್ಟದ್ದು' ಎಂದು ಚೀಟಿ ಬರೆದು ಗುಂಡುಸೂಜಿಯಿಂದ ಚುಚ್ಚಿ ಸಾಲಾಗಿ ನೇತುಹಾಕುತ್ತೇನೆ. ಕೊಟ್ಟು ಮರೆತೇಹೋಗುವ ಗಿರಾಕಿಗಳೂ ಇದ್ದಾರೆ. ಅವರ ಬಟ್ಟೆಗಳು ಮೇಜಿನ ಕೆಳಗಿನ ಗೋಣಿಚೀಲದಲ್ಲಿ ವರ್ಷಗಟ್ಟಲೆ ಬಿದ್ದಿರುತ್ತವೆ. ಪರದೆಗಳು ಉಳಿಯಲಿ ಎಂದು ಆ ಚೀಲವನ್ನು ಅವಳ ಮುಂದೆ ಎಳೆದು ಹಾಕಿದೆ.

ಆಮೇಲೆ ದಿನಕ್ಕೊಂದು ಆಘಾತ. ಯಾವನೋ ದಢೂತಿ ಆಸಾಮಿಯ ಅಂಗಿಯ ಕಾಲರು ಕಿತ್ತು, ಪಕ್ಕ ಹಿಡಿದು, ಮೊಣಕಾಲವರೆಗಿನ ಫ್ರಾಕು ಮಾಡಿದಳು. ಕುತ್ತಿಗೆಯ ಟೈ ಸೊಂಟಕ್ಕೆ ಹೋಯಿತು. ಒಂದು ಪ್ಯಾಂಟಿನ ಎರಡು ಕಾಲು ಎರಡು ಬಣ್ಣದವಾದವು. ನಾನು ಅವಳಿಗೆ ಚಿಂದಿರಾಣಿ ಎಂದು ಹೆಸರಿಟ್ಟೆ. ಅದನ್ನೂ ಅವಳು ಹೆಮ್ಮೆಯಿಂದ ಹೊತ್ತು ತಿರುಗಿದಳು.

"ಬಟ್ಟೆ ಹಳೇದಾದ್ರೇನು ಚಿಕ್ಕಮ್ಮ, ಭುಜ ಸರಿಯಾಗಿ ಕೂರಬೇಕು. ಕಣ್ಣಿಗೆ ಹೊಡೆಯೋ ಬಣ್ಣ ಒಂದೇ ಇರಬೇಕು. ಮಿಕ್ಕಿದ್ದೆಲ್ಲ ತೆಪ್ಪಗಿರಬೇಕು."

ಇದು ನನಗೇ ಪಾಠ! ಆದರೂ ಆರು ತಿಂಗಳಲ್ಲಿ ಅವಳ ಕಾಲೇಜಿನ ಹುಡುಗಿಯರು ನನ್ನ ಅಂಗಡಿಗೆ ಬಂದು, ಆಗಷ್ಟೇ ಕೊಂಡು ತಂದ ಹೊಸ ಬಟ್ಟೆಗಳ ಕಾಲರು ಕೀಳಿಸತೊಡಗಿದರು. ನಾನು ಬೈದುಕೊಂಡೇ ಕಿತ್ತೆ.

ವರ್ಷದ ಕೊನೆಯಲ್ಲಿ ಒಬ್ಬರು ಮೇಡಂ ಬಂದರು. ಯಾವುದೋ ಕಾಲೇಜಿನಲ್ಲಿ ಪಾಠ ಮಾಡುವವರು. ದೊಡ್ಡ ಕಾಯಿಲೆ, ಆಪರೇಷನ್ನು, ವರ್ಷವಿಡೀ ರಜೆ. ಎಡಗೈ ಭುಜದಿಂದ ಮಣಿಕಟ್ಟಿನವರೆಗೆ ಊದಿಕೊಂಡಿತ್ತು, ಮೈಯೂ ಸ್ವಲ್ಪ ದಪ್ಪಗಾಗಿತ್ತು. ಅಳತೆಪಟ್ಟಿಯನ್ನು ಮೆಲ್ಲಗೆ ಸುತ್ತಿ ಅಳತೆ ಬರೆದುಕೊಂಡೆ. ಅವರು ಚೀಲದಿಂದ ಕಡುನೀಲಿ ಕೋಟೊಂದನ್ನು ತೆಗೆದರು.

"ಇದು ಹೀಗೇ ಇರುತ್ತೆ ಅಂದಿದ್ದಾರೆ ಡಾಕ್ಟರು. ಶುಕ್ರವಾರ ಕೆಲಸಕ್ಕೆ ವಾಪಸ್ ಹೋಗ್ತಿದ್ದೀನಿ. ಮಕ್ಕಳ ಕಣ್ಣಿಗೆ ಈ ಕೈ ಬೀಳಬಾರದು. ಅಷ್ಟು ಮಾಡಿಕೊಡಿ."

ಮೂರು ದಿನ, ಹುಡುಗಿ ಕಾಲೇಜಿಗೆ ಹೋದ ಹೊತ್ತಿನಲ್ಲಿ ಕೂತು, ಪಕ್ಕಗಳನ್ನು ಬಿಟ್ಟೆ. ಎಡತೋಳಿನ ಒಳಗೆ ಇದ್ದಬದ್ದ ಬಟ್ಟೆಯನ್ನೆಲ್ಲ ಬಿಟ್ಟೆ, ಸಾಲದ್ದಕ್ಕೆ ಅದೇ ಬಣ್ಣದ ಪಟ್ಟಿ ಸೇರಿಸಿದೆ. ಗುರುವಾರ ಮಧ್ಯಾಹ್ನ ಚೀಟಿ ಚುಚ್ಚಿ ನೇತುಹಾಕಿದೆ. ತಲೆ ಸಿಡಿಯುತ್ತಿತ್ತು. ಒಳಗೆ ಹೋಗಿ ಮಲಗುವ ಮುಂಚೆ ಚಿಂದಿರಾಣಿಗೆ ಹೇಳಿದೆ:

"ನಾಳೆ ವೈವಾ ಪರೀಕ್ಷೆ ಅಂತೀಯ. ಒಂದು ದಿನವಾದ್ರೂ ಮನುಷ್ಯರ ಹಾಗೆ ಹೋಗು. ಬಿಟ್ಟದ್ದು ಯಾವುದಾದ್ರೂ ಮರ್ಯಾದೆಯಾಗಿ ಕಾಣೋದಿದ್ರೆ ತಗೋ."

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವಳು ಹೊರಟುಹೋಗಿದ್ದಳು. ಅಂಗಡಿ ಬಾಗಿಲು ತೆಗೆದರೆ ಮೇಡಂ ಶಾಲು ಹೊದ್ದು ಮೆಟ್ಟಿಲ ಮೇಲೇ ನಿಂತಿದ್ದರು. ಕೋಟು ತರಲು ತಿರುಗಿದೆ. ಕೋಟಿರಲಿಲ್ಲ. ಮೇಜಿನ ಕೆಳಗೆ ಬಗ್ಗಿದೆ. ಗೋಣಿಚೀಲದ ಮೇಲೆ ಎರಡು ಕಡುನೀಲಿ ತೋಳುಗಳು ಒಪ್ಪವಾಗಿ ಮಡಚಿಟ್ಟಿದ್ದವು. ಪಕ್ಕದಲ್ಲಿ ನನ್ನದೇ ಅಕ್ಷರದ ಚೀಟಿ: ಬಿಟ್ಟದ್ದು.

ಹೊಲಿಗೆ ಬಿಟ್ಟದ್ದು ಎಂದು ನಾನು ಬರೆದದ್ದನ್ನು ಅವಳು ಯಾರೋ ಬಿಟ್ಟುಹೋದದ್ದು ಎಂದು ಓದಿಕೊಂಡಿದ್ದಳು. ಗೋಣಿಚೀಲದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ತಗೋ ಎಂದವಳೂ ನಾನೇ.

"ಇಸ್ತ್ರಿಗೆ ಕೊಟ್ಟಿದ್ದೀನಿ ಮೇಡಂ," ಎಂದೆ, ನನ್ನದೇ ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲೇ ನಿಂತು. "ಕಾಲೇಜಿಗೇ ತಂದುಕೊಡ್ತೀನಿ."

ಅವರು ಇಸ್ತ್ರಿಪೆಟ್ಟಿಗೆಯನ್ನೂ ನೋಡಿದರು, ನನ್ನನ್ನೂ ನೋಡಿದರು. "ಹತ್ತು ಗಂಟೆಗೆ ಭೂಗೋಳದ ವೈವಾ ಇದೆ. ಅಷ್ಟರೊಳಗೆ ಬರಲಿ," ಎಂದು ಶಾಲನ್ನು ಎಡಗಡೆಗೆ ಬಿಗಿಯಾಗಿ ಎಳೆದುಕೊಂಡು ಆಟೋ ಹತ್ತಿದರು.

ಭೂಗೋಳ! ನಮ್ಮ ಹುಡುಗಿಯದೂ ಭೂಗೋಳವೇ; ಊರಲ್ಲಿ ಭೂಗೋಳ ಇರುವುದು ಅವಳ ಕಾಲೇಜೊಂದರಲ್ಲೇ. ತೋಳು, ಸೂಜಿ, ದಾರ ಎಲ್ಲವನ್ನೂ ಚೀಲಕ್ಕೆ ತುರುಕಿಕೊಂಡು, ಅಂಗಡಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬುದೂ ನೆನಪಿಲ್ಲದೆ ಓಡಿದೆ.

ಕಾಲೇಜಿನ ಮಹಡಿಯ ಉದ್ದ ಪಡಸಾಲೆಯಲ್ಲಿ ಹುಡುಗ ಹುಡುಗಿಯರು ಗೋಡೆಗೊರಗಿ ಕೂತು ಓದುತ್ತಿದ್ದರು. ಕೊನೆಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮೇಜಿನ ಆಚೆ ಶಾಲು ಹೊದ್ದ ಮೇಡಂ. ಈಚೆ ನಮ್ಮ ಚಿಂದಿರಾಣಿ, ಮೈಗೆ ಅಚ್ಚುಕಟ್ಟಾಗಿ ಕೂತ, ತೋಳಿಲ್ಲದ ಕಡುನೀಲಿ ಕೋಟಿನಲ್ಲಿ. ಅಷ್ಟು ಚೆಂದವಾಗಿ ಅವಳು ಎಂದೂ ಕಂಡಿರಲಿಲ್ಲ.

"ಈ ಕೋಟು ಎಲ್ಲಿ ಸಿಕ್ತು?" ಮೇಡಂ ಕೇಳುತ್ತಿದ್ದರು.

"ನಮ್ಮ ಚಿಕ್ಕಮ್ಮನ ಅಂಗಡೀಲಿ ಯಾರೋ ಬೇಡ ಅಂತ ಬಿಟ್ಟುಹೋಗಿದ್ರು ಮೇಡಂ. ಹೊಸದು ತಗೊಳ್ಳೋಕಾಗಲ್ಲ, ಅದಕ್ಕೆ ನಾನೇ ಸರಿ ಮಾಡ್ಕೊಂಡೆ."

"ತೋಳು ಯಾಕೆ ತೆಗೆದೆ?"

"ಅಯ್ಯೋ, ವಿಚಿತ್ರ ತೋಳು ಮೇಡಂ! ಒಂದು ಸಣ್ಣ, ಒಂದು ದಪ್ಪ. ಅದ್ಯಾರಿಗೆ ಹೊಲಿದಿದ್ರೋ!" ಎಂದು ನಕ್ಕಳು.

ಪರೀಕ್ಷೆ ಮುಗಿಯಲಿ ಎಂದು ನಾನು ಬಾಗಿಲ ಬಳಿಯೇ ನಿಂತೆ. ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ನದಿಗಳು ಯಾಕೆ ಪಾತ್ರ ಬದಲಿಸುತ್ತವೆ ಎಂದು ಕೇಳಿದರು. ಹುಡುಗಿ ಪಟಪಟನೆ ಹೇಳಿದಳು. ಇನ್ನೂ ನಾಲ್ಕು ಪ್ರಶ್ನೆ ಕೇಳಿದರು, ನಾಲ್ಕಕ್ಕೂ ಉತ್ತರ ಬಂತು. ಅಂಕ ಬರೆದು ಹಾಳೆ ಮಗುಚಿಟ್ಟ ಮೇಲೆ ನಾನು ಒಳಗೆ ನುಗ್ಗಿದೆ.

"ತಪ್ಪು ನನ್ನದು ಮೇಡಂ. ಹೊಲಿಗೆ ಬಿಟ್ಟದ್ದು ಅಂತ ಬರೆದಿದ್ದೆ, ಇವಳು ಬೇರೆ ಥರ ಓದ್ಕೊಂಡ್ಳು. ತೋಳು ಇಲ್ಲೇ ಇವೆ, ಈಗಲೇ ಕೂಡಿಸ್ತೀನಿ."

ಹುಡುಗಿ ನನ್ನನ್ನು ನೋಡಿದಳು. ನನ್ನ ಕೈಯಲ್ಲಿದ್ದ ತೋಳುಗಳನ್ನು ನೋಡಿದಳು. ಶಾಲನ್ನು ನೋಡಿದಳು. ಗುಂಡಿ ಬಿಚ್ಚಲು ಬೆರಳು ಬರದೆ ತಡಕಾಡಿ, ಹೇಗೋ ಕೋಟು ಕಳಚಿ ಮೇಜಿನ ಮೇಲಿಟ್ಟಳು.

"ಮೇಡಂ, ನನಗೆ ಗೊತ್ತಿರಲಿಲ್ಲ..."

"ಗೊತ್ತಿರಲಿಲ್ಲ, ಸರಿ. ಚೆನ್ನಾಗಿ ಉತ್ತರ ಹೇಳಿದೆ, ಅದಕ್ಕೆ ಅಂಕ ಕೊಟ್ಟಿದ್ದೀನಿ," ಎಂದರು ಮೇಡಂ. ದನಿ ಒಂದಿಷ್ಟೂ ಏರಲಿಲ್ಲ. "ಕೋಟು ಕತ್ತರಿಸಿದ್ದನ್ನ ಮರೀಬಹುದು. ಆಗ ನಕ್ಕೆಯಲ್ಲ, ಅದನ್ನ ನಾನು ಕ್ಷಮಿಸಿಲ್ಲ."

ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿದರು. ಮಣಿಕಟ್ಟಿನಿಂದ ಭುಜದವರೆಗೆ ಬಿಗಿದ ಬ್ಯಾಂಡೇಜು. ಹುಡುಗಿ ತಲೆ ತಗ್ಗಿಸಿದಳು.

"ತಲೆ ಎತ್ತು. ನೋಡು."

ಅವಳು ನೋಡಿದಳು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನೋಡಿದಳು. ನಾನು ಹಾಗೆ ನೋಡಲಾರದೆ ಗೋಡೆಯ ನಕ್ಷೆಯತ್ತ ತಿರುಗಿದೆ.

"ತೋಳು ಬೇಡ. ಈಗ ಕೋಟು ಹಿಡ್ಕೋ. ಒಂದೇ ಕೈಲಿ ಹಾಕ್ಕೊಳ್ಳೋಕೆ ಆಗಲ್ಲ ನನಗೆ."

ಹುಡುಗಿ ಬಿಕ್ಕುತ್ತಲೇ ಕೋಟು ಹಿಡಿದಳು. ತೋಳು ಕಿತ್ತ ಕಡೆಯಿಂದ ಊದಿದ ಕೈ ಸಲೀಸಾಗಿ ಹೊರಗೆ ಬಂತು. ಹುಡುಗಿ ಪಕ್ಕಗಳನ್ನು ತನ್ನ ಮೈಗೆ ಹಿಡಿದಿದ್ದರಿಂದ ಮುಂದುಗಡೆ ಎರಡು ಅಂಚೂ ಕೂಡಲಿಲ್ಲ, ಒಂದು ಗೇಣು ಅಂತರ ಉಳಿಯಿತು. ಮೇಡಂ ಹಾಗೆಯೇ ಕೂತು, ಆ ಕೈಯನ್ನು ಎತ್ತಿ ಮೇಜಿನ ಮೇಲಿಟ್ಟು, ಹೊಸ ಹಾಳೆ ತೆಗೆದರು.

ನಾವಿಬ್ಬರೂ ಹೊರಗೆ ಬಂದೆವು. ಪಡಸಾಲೆಯಲ್ಲಿದ್ದವರೆಲ್ಲ ಪುಸ್ತಕ ಬಿಟ್ಟು ಒಳಗೇ ನೋಡುತ್ತಿದ್ದರು. ಅವರ ಕಣ್ಣಿಗೆ ಬೀಳದಿರಲಿ ಎಂದು ನಾನು ಬಾಗಿಲು ಎಳೆಯಲು ಕೈ ಹಾಕಿದೆ.

"ಬೇಡ, ತೆರೆದೇ ಇರಲಿ," ಎಂದರು ಮೇಡಂ ಒಳಗಿನಿಂದ. "ಮುಂದಿನವರು ಬನ್ನಿ."