ಪೇಷೆಂಟ್ ಕಡೆಯವರು ಯಾರು?

ತಾಂಜಾನಿಯಾದಿಂದ ಬಂದ ಟೀಚರೊಬ್ಬರ ಮಂಚದ ಪಕ್ಕ ಕೂತು, ಅವರ ಆಪರೇಷನ್ನಿನ ಹಿಂದಿನ ಸಂಜೆ, ಹೊಳೆನರಸೀಪುರದ ನಂಜೇಗೌಡರು ಒಂದು ಕಥೆ ಹೇಳಿದರು. ಚನ್ನರಾಯಪಟ್ಟಣದಲ್ಲಿದ್ದ ಅವರ ಷಡ್ಡಕನಿಗೂ ಇದೇ ಸೊಂಟದ ಆಪರೇಷನ್ ಆಗಿತ್ತಂತೆ.

'ಚೆನ್ನಾಗೇ ಆಯ್ತು ಕಣವ್ವ. ಆಮೇಕೆ ಮೂರೇ ದಿನ.'

ಅದನ್ನು ಇಂಗ್ಲಿಷಿಗೆ ತರ್ಜುಮೆ ಮಾಡಬೇಕಾದವನು ನಾನು.

ಇರಿ, ಮೊದಲಿನಿಂದ ಹೇಳುತ್ತೇನೆ. ನನ್ನ ಚಿಕ್ಕಮ್ಮ ಜಯಮ್ಮ ಅರಕಲಗೂಡು ಕಡೆಯ ಹಳ್ಳಿಯವಳು. ಹಾಸನದ ಖಾಸಗಿ ಆಸ್ಪತ್ರೆಯೊಂದರಲ್ಲಿ ಅವಳ ಮಂಡಿ ಬದಲಾಯಿಸಿದರು. ಆ ಆಸ್ಪತ್ರೆ ಈಚೆಗೆ ಇಂಟರ್‌ನ್ಯಾಷನಲ್ ಆಗಿದೆ. ಹೇಗೆ ಅಂತೀರಾ? ಮೇಲಿನ ಮಹಡಿಯ ಕೊನೆಯ ರೂಮಿಗೆ ಹೊಸ ಎಸಿ ಹಾಕಿ, ಗೋಡೆಗೆ ದೊಡ್ಡಗದ್ದವಳ್ಳಿ ದೇವಸ್ಥಾನದ ಫೋಟೋ ತಗುಲಿಸಿ, ಬಾಗಿಲಿಗೆ 'ಇಂಟರ್‌ನ್ಯಾಷನಲ್ ವಿಂಗ್' ಅಂತ ಬೋರ್ಡು ಬಡಿದರು. (ವಿಂಗ್ ಅಂದರೆ ಆ ಒಂದು ರೂಮು.) ಅದರ ಪಕ್ಕದ್ದೇ ಚಿಕ್ಕಮ್ಮನ ರೂಮು.

ಇದಕ್ಕೆ ಮೆಡಿಕಲ್ ಟೂರಿಸಂ ಎನ್ನುತ್ತಾರೆ. ಹೊರದೇಶದವರು ನಮ್ಮಲ್ಲಿ ಖರ್ಚು ಕಡಿಮೆ ಎಂದು ಬಂದು ರಿಪೇರಿ ಮಾಡಿಸಿಕೊಂಡು ಹೋಗುವುದು. ನಮಗೇನು ಇದು ಹೊಸದೇ? ಅರಕಲಗೂಡಿನವರು ಹಾಸನಕ್ಕೆ, ಹಾಸನದವರು ಮೈಸೂರಿಗೆ, ಮೈಸೂರಿನವರು ಬೆಂಗಳೂರಿಗೆ. ಸ್ಕ್ಯಾನಿಂಗ್ ರಿಪೋರ್ಟ್ ಬರುವಷ್ಟರಲ್ಲಿ ಒಂದು ಮಸಾಲೆ ದೋಸೆ, ಒಂದು ಸೀರೆ ಅಂಗಡಿ. ಟೂರಿಸಂ ಅಲ್ಲದೆ ಮತ್ತೇನು?

ನಮ್ಮ ಕಡೆ ಪೇಷೆಂಟನ್ನು ನೋಡಲು ಹೋಗುವುದಕ್ಕೂ ಒಂದು ಕ್ರಮವಿದೆ. ಒಬ್ಬರೇ ಹೋಗಬಾರದು. ಬರಿಗೈಲಿ ಹೋಗಬಾರದು, ಬ್ರೆಡ್ಡು, ಕಿತ್ತಳೆ, ಎಳನೀರು ಏನಾದರೂ ಇರಬೇಕು. ಪಕ್ಕದ ಮಂಚದವರನ್ನು ಮಾತಾಡಿಸದೆ ವಾಪಸ್ ಬರಲೇಬಾರದು. ಹಾಗೆ ಬಂದರೆ ಊರಲ್ಲಿ ಅದೇ ಸುದ್ದಿ. (ವಿಸಿಟಿಂಗ್ ಅವರ್ಸ್ ಬೋರ್ಡನ್ನು ನಮ್ಮವರು ಅಲಂಕಾರ ಎಂದುಕೊಂಡಿದ್ದಾರೆ.) ಚಿಕ್ಕಮ್ಮನ ರೂಮಿನಲ್ಲಿ ಪಕ್ಕದ ಮಂಚವೇ ಇರಲಿಲ್ಲ. ಹಾಗಾಗಿ ನೆಂಟರ ಇಡೀ ದಂಡು ಇಂಟರ್‌ನ್ಯಾಷನಲ್ ವಿಂಗಿಗೆ ನುಗ್ಗಿತು. ಹಿಂದೆ ವಾಕರ್ ಹಿಡಿದು ಚಿಕ್ಕಮ್ಮ.

ಒಳಗೆ ಗ್ರೇಸ್ ಟೀಚರ್ ಒಬ್ಬರೇ ಕೂತಿದ್ದರು. ನಮ್ಮವರು ಕೈಗೆ ಎರಡು ಕಿತ್ತಳೆ ಇಟ್ಟು, ಮೊದಲು ಕೇಳಬೇಕಾದ್ದನ್ನೇ ಮೊದಲು ಕೇಳಿದರು. ಜೊತೇಲಿ ಯಾರವ್ರೆ?

ಯಾರೂ ಇಲ್ಲ.

'ಅಯ್ಯೋ ಶಿವನೇ! ಒಬ್ಳೇ ಬಂದ್ಬುಟ್ಯಾ?' ಎಂದಳು ಚಿಕ್ಕಮ್ಮ.

ಆಸ್ಪತ್ರೆಯ ಕೋಆರ್ಡಿನೇಟರ್ ಹುಡುಗಿ ಓಡಿ ಬಂದಳು. 'ಏರ್‌ಪೋರ್ಟ್ ಪಿಕಪ್, ಆಪರೇಷನ್, ಫಿಸಿಯೋ, ಹಳೇಬೀಡು, ಶೆಟ್ಟಿಹಳ್ಳಿ ಚರ್ಚು, ಎಲ್ಲಾ ಪ್ಯಾಕೇಜಲ್ಲಿದೆ ಆಂಟಿ.' (ಹೊಸ ಸೊಂಟ ಹಾಕಿಸಿಕೊಂಡವರು ಹಳೇಬೀಡು ಹೇಗೆ ಸುತ್ತುತ್ತಾರೋ, ನಾನು ಕೇಳಲಿಲ್ಲ.)

'ಓಟಿ ಬಾಗ್ಲಲ್ಲಿ ಕುಂತ್ಕಳಕ್ಕೆ ಪ್ಯಾಕೇಜಲ್ಲಿ ಯಾರವ್ರೆ?'

ಹುಡುಗಿ ಮೊಬೈಲ್ ನೋಡಿದಳು. ಯಾರೂ ಇರಲಿಲ್ಲ.

ಆಗಲೇ ನಂಜೇಗೌಡರು (ಚಿಕ್ಕಮ್ಮನ ಮೈದುನ) ಸಮಾಧಾನ ಹೇಳಲೆಂದು ಷಡ್ಡಕನ ಕಥೆ ತೆಗೆದದ್ದು. ಆಸ್ಪತ್ರೆಗೆ ಹೋದಾಗ ಅದೇ ಕಾಯಿಲೆಯಲ್ಲಿ ಸತ್ತವರನ್ನು ನೆನೆಯುವುದು ನಮ್ಮವರ ಹಳೇ ಚಾಳಿ. ನಾನು ತರ್ಜುಮೆ ಮಾಡಿದೆ: 'ಇವರ ನೆಂಟರಿಗೂ ಇದೇ ಆಪರೇಷನ್ ಆಗಿತ್ತು. ಬಹಳ ಚೆನ್ನಾಗಿ ಆಯಿತಂತೆ.'

ಗ್ರೇಸ್ ನನ್ನನ್ನೊಮ್ಮೆ, ನಂಜೇಗೌಡರ ಮುಖವನ್ನೊಮ್ಮೆ ನೋಡಿದರು. 'ಎಷ್ಟು ದಿನಕ್ಕೆ ತೀರಿಕೊಂಡರು?' ಎಂದು ಕೇಳಿದರು.

ನಾನು ಮೂರು ಬೆರಳು ತೋರಿಸಿದೆ.

'ನಮ್ಮ ಸೋದರಮಾವಂದಿರೂ ಹೀಗೇ. ಇದೇ ಮುಖ ಮಾಡಿಕೊಂಡೇ ಹೇಳುತ್ತಾರೆ' ಎಂದು ನಕ್ಕರು. ನಗುತ್ತಾ ನಗುತ್ತಾ ಅತ್ತೇ ಬಿಟ್ಟರು. ಜೊತೆಗೆ ಬರಬೇಕಿದ್ದ ಮಗನಿಗೆ ವೀಸಾ ಸಿಗಲಿಲ್ಲವಂತೆ. ನಾಳೆ ಆಪರೇಷನ್ ಬೇಡ, ವಾಪಸ್ ಹೋಗುತ್ತೇನೆ ಎಂದರು. 'ಒಳಗೆ ನಾನು ಪ್ರಜ್ಞೆ ಇಲ್ಲದೆ ಮಲಗಿರುವಾಗ, ಹೊರಗೆ ನನಗಾಗಿ ಒಬ್ಬರೂ ಕಾಯುತ್ತಿರುವುದಿಲ್ಲ. ಅದೇ ಭಯ.'

ಇದನ್ನು ಮಾತ್ರ ಸರಿಯಾಗಿ ತರ್ಜುಮೆ ಮಾಡಿದೆ.

ಚಿಕ್ಕಮ್ಮ ಮಂಚದ ಮೇಲೆ ಕೂತಳು. 'ನಿಮ್ಮೂರಲ್ಲೇ ಆಸ್ಪತ್ರೆ ಇಲ್ವೇನವ್ವ? ಇಷ್ಟ್ ದೂರ ಯಾಕ್ ಬಂದೆ?'

ಕಟ್ಟಡ ಇದೆ, ಡಾಕ್ಟರ್ ಇಲ್ಲ ಎಂದರು ಗ್ರೇಸ್.

'ಬುಡು ಅತ್ಲಾಗೆ! ಇವ್ಳು ನಮ್ಮೂರೋಳೇ ಕಣ್ಲಾ!' ಎಂದಳು ಚಿಕ್ಕಮ್ಮ. ಆಮೇಲೆ ಟೀಚರ ಕೈ ಹಿಡಿದುಕೊಂಡಳು. 'ನಾಳೆ ಬಾಗ್ಲಲ್ಲಿ ನಾವ್ ಕುಂತಿರ್ತೀವಿ. ನಿಂಗೆ ಎಚ್ಚರ ಆದಾಗ ಮೊದ್ಲು ನನ್ ಮೊಕಾನೇ ನೋಡ್ತೀಯ. ಅಂಗಂತ ಅವ್ಳ್ ಭಾಷೇಲಿ ಹೇಳ್ಲಾ. ಒಂದಕ್ಸರ ಬಿಡ್ಬ್ಯಾಡ.'

ಬಿಡಲಿಲ್ಲ. ಗ್ರೇಸ್ ಬಹಳ ಹೊತ್ತು ಆ ಕೈ ಬಿಡಲಿಲ್ಲ.

ಬೆಳಿಗ್ಗೆ ಅರಕಲಗೂಡಿನ ಮೊದಲ ಬಸ್ಸಿಗೇ ಬಂದವರೂ ಇದ್ದರು. ಓಟಿ ಮುಂದಿನ ಬೆಂಚು ಭರ್ತಿ. ಕೋಆರ್ಡಿನೇಟರ್ ಹಿಂದಿನ ಪೇಷೆಂಟನ್ನು ಬಿಟ್ಟುಬರಲು ಏರ್‌ಪೋರ್ಟಿಗೆ ಹೋಗಿದ್ದಳು. ಒಳಗೆ ಏನಾಗುತ್ತಿದೆಯೋ ಗೊತ್ತಿಲ್ಲ. ಚಿಕ್ಕಮ್ಮ ಮಲಗಿರಬೇಕಿತ್ತು, ನರ್ಸು ಬೈದರೂ ಎದ್ದು ಹೋಗಲಿಲ್ಲ. ಮನೆದೇವರಿಗೆ ಹರಕೆ ಬೇರೆ ಕಟ್ಟಿಕೊಂಡಳು. (ದೇವರು ವೀಸಾ ಕೇಳುವುದಿಲ್ಲ.)

ಕೊನೆಗೆ ಬಾಗಿಲು ತೆರೆಯಿತು.

'ಗ್ರೇಸ್ ಪೇಷೆಂಟ್ ಕಡೆಯವರು ಯಾರು?'

ಇಡೀ ಬೆಂಚು ಎದ್ದು ನಿಂತಿತು. ನರ್ಸು ಹೆದರಿ ಒಂದು ಹೆಜ್ಜೆ ಹಿಂದೆ ಸರಿದರು. 'ಇಷ್ಟೂ ಜನ ಅವರ ಕಡೆಯವರಾ?'

'ಊಂ. ಇನ್ನೂ ಇಬ್ರು ಕಾಫಿಗೆ ಓಗವ್ರೆ' ಎಂದಳು ಚಿಕ್ಕಮ್ಮ.

ಎಲ್ಲ ಚೆನ್ನಾಗಿ ಆಗಿತ್ತು. ನಂಜೇಗೌಡರನ್ನು ಮಾತ್ರ ಮೂರು ದಿನ ಕಳೆಯುವ ತನಕ ಆ ರೂಮಿನೊಳಗೆ ಬಿಡಲಿಲ್ಲ.

ಗ್ರೇಸ್ ಈಗ ಅವರ ಊರಿನಲ್ಲಿ ನಡೆದಾಡುತ್ತಿದ್ದಾರೆ. ವಿಡಿಯೋ ಕಳಿಸಿದ್ದರು. ಚಿಕ್ಕಮ್ಮ ಅದನ್ನು ಹಾಲಿನ ಡೇರಿಯಲ್ಲಿ ಎಲ್ಲರಿಗೂ ತೋರಿಸಿದಳು.

ಹೋದ ವಾರ ಕೋಆರ್ಡಿನೇಟರ್ ಫೋನ್ ಮಾಡಿದ್ದಳು. 'ಸರ್, ಬುಧವಾರ ಮಸ್ಕತ್‌ನಿಂದ ಒಬ್ಬರು ಬರ್ತಿದ್ದಾರೆ. ಜೊತೆಗೆ ಯಾರೂ ಇಲ್ಲ. ನಿಮ್ಮ ಚಿಕ್ಕಮ್ಮನ ಕಡೆಯವರು ಫ್ರೀ ಇರ್ತಾರಾ?'

ಚಿಕ್ಕಮ್ಮನನ್ನು ಕೇಳಿದೆ.

'ಬತ್ತೀವಿ ಅನ್ನು. ಒಂಟಿಯಾಗ್ ಬಂದೋರ್ನ ಬುಡಕ್ಕಾಯ್ತದಾ?' ಎಂದಳು. 'ಅಂಗೇ ವಸಿ ಕೇಳ್ಲಾ, ನಮ್ಮೂರ್ ಆಸ್ಪತ್ರೆಗೆ ಡಾಕ್ಟ್ರು ಯಾವ್ ದೇಸದಿಂದ ಬರ್ಬೇಕಂತೆ?'