ಇಲ್ಲದ ಗೇಟು ಹಾಕುವವರು

ನನ್ನ ಗಂಡನ ಕೆಲಸ ಏನೆಂದು ಕೇಳಿದವರಿಗೆ ನಾನು 'ಸಾಮಾನು ಸಾಗಿಸುತ್ತಾರೆ' ಎಂದುಬಿಡುತ್ತೇನೆ. ನಿಜ ಹೇಳಲು ಹೊರಟರೆ ಚಹಾ ಆರಿಹೋಗುತ್ತದೆ. ವೆಬ್‌ಸೈಟಿನ ಪುಟಗಳನ್ನು ಕೇಳಿದವರಿಗೆಲ್ಲ ಕೊಡುವ ವೆಬ್ ಸರ್ವರ್‌ಗೆ ಎಕ್ಸ್‌ಟೆನ್ಶನ್ ಎಂಬ ಕೈಯಾಳುಗಳಿರುತ್ತವೆ. ಒಂದು ಆಪರೇಟಿಂಗ್ ಸಿಸ್ಟಮ್‌ನಲ್ಲಿ ಬೆಳೆದ ಅವನ್ನು ಇನ್ನೊಂದಕ್ಕೆ ಒಗ್ಗಿಸುವುದು ಇವರ ಉದ್ಯೋಗ.

"ಈ ಕಂಪ್ಯೂಟರಿಂದ ಆ ಕಂಪ್ಯೂಟರಿಗೆ ತಾನೆ? ಪಕ್ಕದ ಮೇಜು. ಅದಕ್ಕೆ ತಿಂಗಳುಗಟ್ಟಲೆ ಬೇಕಾ?" ಎಂದು ಅಮ್ಮ ಕೇಳಿದ್ದಳು.

ಅಪ್ಪ ತೀರಿಕೊಂಡ ಮೇಲೆ ಆ ಅಮ್ಮನೇ ತನ್ನ ಮನೆ ಬಿಟ್ಟು ನಮ್ಮ ಆರನೇ ಮಹಡಿಯ ಫ್ಲಾಟಿಗೆ ಬಂದಳು. ರಾತ್ರಿ ಊಟವಾದೊಡನೆ ದಿನಾ ಒಂದೇ ಪ್ರಶ್ನೆ. "ಗೇಟ್ ಹಾಕಿದ್ರಾ?"

"ಇಲ್ಲಿ ಗೇಟ್ ಎಲ್ಲಿದೆಯಮ್ಮ?" ಎಂದು ನಾನು ಸಿಡುಕುತ್ತಿದ್ದೆ. ಆಮೇಲೆ ಅವಳು ಬಾಗಿಲ ಬಳಿ ಕುರ್ಚಿ ಎಳೆದುಕೊಂಡು ಕೂತಲ್ಲೇ ಬೆಳಗು ಮಾಡುತ್ತಿದ್ದಳು. ಕಾಲು ಬಾತುಕೊಂಡವು. ಅಣ್ಣ ಫೋನಿನಲ್ಲಿ, "ಅವಳಿಗೆ ಅರಳುಮರಳು. ಭಾನುವಾರ ಬಂದು ವೃದ್ಧಾಶ್ರಮಕ್ಕೆ ಸೇರಿಸ್ತೀನಿ" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು.

ಅದೇ ವಾರ ಇವರ ಆಫೀಸಿನಲ್ಲೂ ಒಂದು ಎಕ್ಸ್‌ಟೆನ್ಶನ್ ಹಟ ಹಿಡಿದಿತ್ತು. ಪ್ರತಿ ಪುಟ ಕೊಡುವ ಮುಂಚೆ ಅದು 'ಫೈಲಿಗೆ ಬೀಗ ಹಾಕಿದೆಯಾ?' ಎಂದು ಕೇಳುತ್ತಿತ್ತಂತೆ. ಹಳೆ ಸಿಸ್ಟಮ್ ಉತ್ತರ ಕೊಡುತ್ತಿತ್ತು. ಹೊಸದಕ್ಕೆ ಆ ಪ್ರಶ್ನೆಯೇ ಗೊತ್ತಿಲ್ಲ. ಉತ್ತರ ಸಿಗದೆ ಇದು ಮಕಾಡೆ ಮಲಗುತ್ತಿತ್ತು. ಬಿಸಾಡಿ ಹೊಸದು ಬರೆಯಿರಿ ಎಂದರು ಮ್ಯಾನೇಜರ್. ಇವರು ಬಿಸಾಡಲಿಲ್ಲ. ಕೇಳಿದಾಗಲೆಲ್ಲ 'ಹಾಕಿದೆ' ಎನ್ನುವ ಒಂದು ಪುಟ್ಟ ಪ್ರೋಗ್ರಾಮ್ ಬರೆದು ಪಕ್ಕದಲ್ಲಿ ಕೂರಿಸಿದರು. ಎಕ್ಸ್‌ಟೆನ್ಶನ್ ತೆಪ್ಪಗೆ ಓಡತೊಡಗಿತು.

"ಅಂದ್ರೆ ನೀವು ಓದಿದ್ದೆಲ್ಲ ಸುಳ್ಳು ಹೇಳೋಕಾ?" ಎಂದೆ.

ಆ ರಾತ್ರಿ ಅಮ್ಮ ಪ್ರಶ್ನೆ ಕೇಳಿದ್ದೇ ಇವರು ಎದ್ದು ಚಪ್ಪಲಿ ಮೆಟ್ಟಿದರು. ಸೈಕಲ್ಲಿಗೆ ಕಟ್ಟುವ ಸರಪಳಿಯನ್ನು ಮೆಟ್ಟಿಲ ಕಂಬಿಗೆ ಝಣಝಣ ಬಡಿದು ಒಳಬಂದರು.

"ಹಾಕಿದೆ ಅತ್ತೆ."

"ಸರಪಳಿ?"

"ಅದೂ ಹಾಕಿದೆ."

ಅಮ್ಮ ಹೋಗಿ ಹಾಸಿಗೆಯಲ್ಲಿ ಮಲಗಿದಳು.

ದಿನಾ ಇದೇ ನಡೆಯಿತು. ಎದುರು ಮನೆಯ ನಿವೃತ್ತ ಮೇಷ್ಟ್ರು ಬಾಗಿಲು ತೆರೆದು, "ಹೇಗೂ ಹಾಕ್ತೀರಲ್ಲ, ನಮ್ಮದೂ ಸೇರಿಸಿಬಿಡಿ" ಎಂದರು. ವಾಚ್‌ಮನ್ ಮಾತ್ರ ಮುಖ ಊದಿಸಿಕೊಂಡು ಮೇಲೆ ಬಂದ. "ಗೇಟ್ ಹಾಕೋದು ನನ್ನ ಡ್ಯೂಟಿ ಸಾರ್. ಇಲ್ಲದ ಗೇಟಾದ್ರೂ ನನಗೊಂದು ಮಾತು ಹೇಳ್ಬೇಕು."

ಭಾನುವಾರ ಅಣ್ಣ ಬಂದ. ಅವತ್ತೇ ಆಫೀಸಿನಿಂದ ಕರೆ ಬಂದು ಇವರು ಹೋಗಿದ್ದರು. ಊಟವಾಯಿತು. ಅಮ್ಮ ಕೇಳಿದಳು, "ಗೇಟ್ ಹಾಕಿದ್ರಾ?"

"ನೋಡಿದ್ಯಾ?" ಎಂದು ಅಣ್ಣ ನನ್ನ ಕಡೆ ತಿರುಗಿದ. "ಅಮ್ಮ, ಈ ಮನೆಗೆ ಗೇಟೇ ಇಲ್ಲ."

"ಇಲ್ಲ ಅಂತ ನನಗೆ ಗೊತ್ತಿಲ್ವೇನೋ? ಕಣ್ಣು ಕಾಣಲ್ವಾ ನನಗೆ?" ಎಂದಳು ಅಮ್ಮ. "ನಿಮ್ಮಪ್ಪ ದಿನಾ ಹೊರಗಿಂದ ಬಂದು 'ಹಾಕಿದೀನಿ ಕಣೇ' ಅಂತಿದ್ರು. ಅದು ಕಿವಿಗೆ ಬಿದ್ರೇನೇ ನನಗೆ ನಿದ್ದೆ. ಯಾರೋ ಒಬ್ರು ಅಂದ್ರೆ ಸಾಕು."

ಅಣ್ಣ ಎದ್ದು ಹೊರಗೆ ಹೋದ. ಸರಪಳಿ ಎಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ; ಕಂಬಿಗೆ ಬೀಗದ ಕೈ ಗೊಂಚಲು ಕುಟ್ಟಿ ಬಂದ.

"ಹಾಕಿದೀನಮ್ಮ."

"ಸರಪಳಿ?"

ಅಣ್ಣ ಮತ್ತೆ ಚಪ್ಪಲಿ ಮೆಟ್ಟಿದ.